ಆಪರೇಟಿಂಗ್ ಸಿಸ್ಟಂ ಎಂದರೇನು? ಕಂಪ್ಯೂಟರ್, ಮೊಬೈಲ್ ಒಳಗಿನ ಕಾಣದ ಮ್ಯಾನೇಜರ್‌ನ ಪೂರ್ಣ ಪರಿಚಯ

2024ರ ಜುಲೈ 19, ಶುಕ್ರವಾರ. ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಚೆಕ್-ಇನ್ ವ್ಯವಸ್ಥೆ ಇದ್ದಕ್ಕಿದ್ದಂತೆ ಕೈಕೊಟ್ಟಿತು. ಪ್ರಯಾಣಿಕರ ಸಾಲು ಬಾಗಿಲವರೆಗೂ ಬೆಳೆಯಿತು. ಹೈದರಾಬಾದ್‌ನಲ್ಲಿ ಸಿಬ್ಬಂದಿ ಪೆನ್ನಿನಲ್ಲಿ ಬರೆದುಕೊಟ್ಟ ಬೋರ್ಡಿಂಗ್ ಪಾಸ್‌ನ ಫೋಟೋ ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡಿತು. ಅದೇ ದಿನ ಜಗತ್ತಿನ ನಾನಾ ಕಡೆ ಆಸ್ಪತ್ರೆ, ಬ್ಯಾಂಕ್, ಟಿವಿ ಚಾನೆಲ್‌ಗಳ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತುಬಿಟ್ಟವು. ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ ತೊಂದರೆಗೆ ಸಿಲುಕಿದ ವಿಂಡೋಸ್ ಯಂತ್ರಗಳ ಸಂಖ್ಯೆ 85 ಲಕ್ಷ.

ಇದು ಹ್ಯಾಕರ್‌ಗಳ ಕೆಲಸ ಆಗಿರಲಿಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ತನ್ನ ಸಾಫ್ಟ್‌ವೇರ್‌ಗೆ ಕಳಿಸಿದ್ದ ಒಂದು ಸಣ್ಣ ಅಪ್‌ಡೇಟ್‌ನಲ್ಲಿ ತಪ್ಪಿತ್ತು, ಅಷ್ಟೇ. ಆದರೆ ಆ ತಪ್ಪು ನಡೆದ ಜಾಗ ಮಾತ್ರ ಸಣ್ಣದಾಗಿರಲಿಲ್ಲ. ಅದು ಆಪರೇಟಿಂಗ್ ಸಿಸ್ಟಂನ ಹೃದಯ ಭಾಗದಲ್ಲೇ ನಡೆದಿತ್ತು.

ಹಾಗಾದರೆ ಈ ಆಪರೇಟಿಂಗ್ ಸಿಸ್ಟಂ ಎಂದರೇನು? ಅದು ಏನೆಲ್ಲಾ ಕೆಲಸ ಮಾಡುತ್ತದೆ? ಅದು ಹಳೆಯದಾದರೆ ನಮಗೇನು ನಷ್ಟ? ಕನ್ನಡ ಅಕ್ಷರಗಳಿಗೂ ಅದಕ್ಕೂ ಏನು ಸಂಬಂಧ? ಎಲ್ಲವನ್ನೂ ಇಲ್ಲಿ ಸರಳವಾಗಿ ತಿಳಿಯೋಣ.

ಆಪರೇಟಿಂಗ್ ಸಿಸ್ಟಂ ಎಂದರೆ ಏನು?

ಕಂಪ್ಯೂಟರ್‌ನಲ್ಲಿ ಎರಡು ಬಗೆಯ ವಸ್ತುಗಳಿವೆ. ಪ್ರೊಸೆಸರ್, ಮೆಮೊರಿ, ಡಿಸ್ಕ್, ಕೀಬೋರ್ಡ್, ಪರದೆ ಮುಂತಾದ ಕೈಗೆ ಸಿಗುವ ಭಾಗಗಳು ಹಾರ್ಡ್‌ವೇರ್. ಬ್ರೌಸರ್, ವರ್ಡ್, ವಾಟ್ಸ್‌ಆ್ಯಪ್, ಗೇಮ್ ಮುಂತಾದವು ನಾವು ಬಳಸುವ ಆ್ಯಪ್‌ಗಳು. ಈ ಎರಡರ ನಡುವೆ ನಿಂತು, ಯಾವ ಆ್ಯಪ್‌ಗೆ ಯಾವ ಭಾಗವನ್ನು, ಎಷ್ಟು ಹೊತ್ತು, ಎಷ್ಟರ ಮಟ್ಟಿಗೆ ಬಳಸಲು ಕೊಡಬೇಕು ಎಂದು ನಿರ್ಧರಿಸುವ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ. ಕನ್ನಡದಲ್ಲಿ ಇದನ್ನು ಕಾರ್ಯಾಚರಣಾ ವ್ಯವಸ್ಥೆ ಎನ್ನುತ್ತಾರೆ. ರೂಢಿಯಲ್ಲಿ ಚಿಕ್ಕದಾಗಿ ಓಎಸ್.

ಒಂದು ಉದಾಹರಣೆ ನೋಡೋಣ. ಮುಂಬೈನ ಮಾಟುಂಗಾದಲ್ಲೋ ಚೆನ್ನೈನ ಟಿ ನಗರದಲ್ಲೋ ಇರುವ ಒಂದು ಉಡುಪಿ ಹೋಟೆಲ್‌ಗೆ ಬೆಳಗ್ಗೆ ಎಂಟಕ್ಕೆ ಹೋಗುತ್ತೀರಿ ಎಂದುಕೊಳ್ಳಿ. ಅಡುಗೆಮನೆಯಲ್ಲಿ ಇರುವುದು ಒಂದೇ ಕಾವಲಿ. ಹೊರಗೆ ನಲವತ್ತು ಗಿರಾಕಿಗಳು. ಎಲ್ಲರೂ ಒಮ್ಮೆಲೇ ಒಳಗೆ ನುಗ್ಗಿ ತಮ್ಮ ದೋಸೆ ತಾವೇ ಹುಯ್ಯಲು ಹೋದರೆ ಹೋಟೆಲ್ ನಡೆಯುವುದಿಲ್ಲ. ಅದಕ್ಕೇ ಅಲ್ಲಿ ಸಪ್ಲೈಯರ್ ಇದ್ದಾನೆ, ಗಲ್ಲಾದ ಮೇಲೆ ಮ್ಯಾನೇಜರ್ ಇದ್ದಾನೆ. ನೀವು ಆರ್ಡರ್ ಕೊಡುತ್ತೀರಿ, ಅದು ಸರದಿಯಲ್ಲಿ ಒಳಗೆ ಹೋಗುತ್ತದೆ, ನಿಮ್ಮ ಪ್ಲೇಟ್ ನಿಮ್ಮ ಟೇಬಲ್‌ಗೇ ಬರುತ್ತದೆ.

ಇಲ್ಲಿ ಗಿರಾಕಿಗಳು ಆ್ಯಪ್‌ಗಳಿದ್ದಂತೆ, ಅಡುಗೆಮನೆ ಹಾರ್ಡ್‌ವೇರ್ ಇದ್ದಂತೆ. ಸಪ್ಲೈಯರ್ ಮತ್ತು ಮ್ಯಾನೇಜರ್ ಸೇರಿ ಮಾಡುವ ಕೆಲಸವನ್ನು ಆಪರೇಟಿಂಗ್ ಸಿಸ್ಟಂ ಮಾಡುತ್ತದೆ. ಆ್ಯಪ್ ಕೊಡುವ ಆ 'ಆರ್ಡರ್'ಗೆ ತಾಂತ್ರಿಕ ಭಾಷೆಯಲ್ಲಿ ಸಿಸ್ಟಂ ಕಾಲ್ ಎಂದು ಹೆಸರು. ಫೈಲ್ ತೆರೆಯುವುದು, ಇಂಟರ್‌ನೆಟ್‌ಗೆ ಮಾಹಿತಿ ಕಳಿಸುವುದು ಎಲ್ಲವೂ ಇಂಥ ಆರ್ಡರ್‌ಗಳ ಮೂಲಕವೇ ನಡೆಯುತ್ತವೆ.

ಪವರ್ ಬಟನ್ ಒತ್ತಿದಾಗ ಏನಾಗುತ್ತದೆ?

ಕಂಪ್ಯೂಟರ್ ಆನ್ ಮಾಡಿದ ತಕ್ಷಣ ಓಎಸ್ ಎದ್ದು ಕೂರುವುದಿಲ್ಲ. ಮೊದಲು ಮದರ್‌ಬೋರ್ಡ್‌ನ ಚಿಪ್‌ನಲ್ಲಿರುವ ಪುಟ್ಟ ತಂತ್ರಾಂಶ ಕೆಲಸ ಶುರು ಮಾಡುತ್ತದೆ. ಹಳೆಯ ಯಂತ್ರಗಳಲ್ಲಿ ಇದಕ್ಕೆ ಬಯೋಸ್ ಎನ್ನುತ್ತಿದ್ದರು, ಈಗಿನವುಗಳಲ್ಲಿ ಯುಇಎಫ್‌ಐ. ಮೆಮೊರಿ ಇದೆಯೇ, ಡಿಸ್ಕ್ ಇದೆಯೇ ಎಂದು ಇದು ಪರೀಕ್ಷಿಸುತ್ತದೆ.

ನಂತರ ಬೂಟ್ ಲೋಡರ್ ಎಂಬ ಪ್ರೋಗ್ರಾಂ, ಡಿಸ್ಕ್‌ನಲ್ಲಿರುವ ಓಎಸ್‌ನ ಮುಖ್ಯ ಭಾಗವನ್ನು ಮೆಮೊರಿಗೆ ತರುತ್ತದೆ. ಆ ಮುಖ್ಯ ಭಾಗವೇ ಕರ್ನಲ್. ಕರ್ನಲ್ ಎದ್ದ ಮೇಲೆ ಉಳಿದ ಸೇವೆಗಳು ಒಂದೊಂದಾಗಿ ಶುರುವಾಗಿ, ಕೊನೆಗೆ ನಿಮ್ಮ ಪಾಸ್‌ವರ್ಡ್ ಕೇಳುವ ಪರದೆ ಬರುತ್ತದೆ. ಈ ಇಡೀ ಪ್ರಕ್ರಿಯೆಗೆ ಬೂಟಿಂಗ್ ಎಂದು ಹೆಸರು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇದೆಲ್ಲ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ.

ಆಪರೇಟಿಂಗ್ ಸಿಸ್ಟಂನ 5 ಮುಖ್ಯ ಕೆಲಸಗಳು

1. ಪ್ರೊಸೆಸರ್ ಸಮಯ ಹಂಚುವುದು

ನೀವು ಹಾಡು ಕೇಳುತ್ತಾ, ಇಮೇಲ್ ಬರೆಯುತ್ತಾ, ಹಿಂದೆ ಒಂದು ಸಿನಿಮಾ ಡೌನ್‌ಲೋಡ್‌ಗೆ ಹಾಕಿರುತ್ತೀರಿ. ಎಲ್ಲವೂ ಒಟ್ಟಿಗೆ ನಡೆಯುತ್ತಿರುವಂತೆ ಕಾಣುತ್ತದೆ. ಆದರೆ ಪ್ರೊಸೆಸರ್‌ನ ಒಂದು ಕೋರ್ ಒಂದು ಕ್ಷಣದಲ್ಲಿ ಸಾಮಾನ್ಯವಾಗಿ ಒಂದೇ ಪ್ರೋಗ್ರಾಂನ ಕೆಲಸ ಮಾಡುತ್ತದೆ. ಓಎಸ್ ಪ್ರತಿ ಪ್ರೋಗ್ರಾಂಗೆ ಕೆಲವು ಮಿಲಿಸೆಕೆಂಡ್‌ಗಳ ಸರದಿ ಕೊಟ್ಟು, ಮುಗಿದ ಕೂಡಲೇ ಮುಂದಿನದಕ್ಕೆ ಬದಲಿಸುತ್ತದೆ. ಬದಲಾವಣೆ ಎಷ್ಟು ವೇಗವಾಗಿ ನಡೆಯುತ್ತದೆ ಎಂದರೆ ನಮಗೆ ಗೊತ್ತೇ ಆಗುವುದಿಲ್ಲ.

ಸರದಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಮಂಗಳ ಗ್ರಹದ ಉದಾಹರಣೆಯೇ ಇದೆ. 1997ರ ಜುಲೈ 4ರಂದು ನಾಸಾದ ಪಾತ್‌ಫೈಂಡರ್ ನೌಕೆ ಮಂಗಳನ ಮೇಲಿಳಿಯಿತು. ಕೆಲ ದಿನಗಳಲ್ಲಿ ಅದರ ಕಂಪ್ಯೂಟರ್ ಮತ್ತೆ ಮತ್ತೆ ತಾನಾಗಿಯೇ ರೀಸ್ಟಾರ್ಟ್ ಆಗತೊಡಗಿತು. ಕಾರಣ ಹುಡುಕಿದಾಗ ಗೊತ್ತಾಗಿದ್ದು ಇಷ್ಟು: ಹವಾಮಾನ ಮಾಹಿತಿ ಸಂಗ್ರಹಿಸುವ ಕಡಿಮೆ ಆದ್ಯತೆಯ ಕೆಲಸವೊಂದು, ಎಲ್ಲರೂ ಹಂಚಿಕೊಂಡು ಬಳಸಬೇಕಾದ ಸೌಲಭ್ಯವೊಂದನ್ನು ಹಿಡಿದಿಟ್ಟುಕೊಂಡಿತ್ತು. ಅದೇ ಸೌಲಭ್ಯಕ್ಕಾಗಿ ಅತಿ ಮುಖ್ಯ ಕೆಲಸ ಕಾಯುತ್ತಿತ್ತು. ನಡುವೆ ಮಧ್ಯಮ ಆದ್ಯತೆಯ ಕೆಲಸಗಳು ನುಗ್ಗಿ, ಚಿಕ್ಕದು ಮುಗಿಯಲೂ ಬಿಡಲಿಲ್ಲ, ದೊಡ್ಡದು ಶುರುವಾಗಲೂ ಬಿಡಲಿಲ್ಲ. ಮುಖ್ಯ ಕೆಲಸ ಸಮಯಕ್ಕೆ ಮುಗಿಯದ್ದನ್ನು ಕಂಡು ಕಂಪ್ಯೂಟರ್ ತನ್ನನ್ನು ತಾನೇ ರೀಸ್ಟಾರ್ಟ್ ಮಾಡಿಕೊಳ್ಳುತ್ತಿತ್ತು.

ನೌಕೆಯಲ್ಲಿದ್ದ ವಿಎಕ್ಸ್‌ವರ್ಕ್ಸ್ ಎಂಬ ಓಎಸ್‌ನಲ್ಲಿ ಇದಕ್ಕೆ ಪರಿಹಾರ ಮೊದಲೇ ಇತ್ತು. ಆದರೆ ಆ ಸೌಲಭ್ಯವನ್ನು ಆನ್ ಮಾಡಿರಲಿಲ್ಲ. ಎಂಜಿನಿಯರ್‌ಗಳು ಭೂಮಿಯಿಂದಲೇ ಅದನ್ನು ಆನ್ ಮಾಡಿ ನೌಕೆಯನ್ನು ಸರಿಪಡಿಸಿದರು.

2. ಮೆಮೊರಿ ನಿರ್ವಹಣೆ

ರ‍್ಯಾಮ್ ಎನ್ನುವುದು ಕೆಲಸ ನಡೆಯುತ್ತಿರುವಾಗ ಮಾತ್ರ ಬಳಕೆಯಾಗುವ ಮೆಮೊರಿ. ಪ್ರತಿ ಆ್ಯಪ್‌ಗೂ ಓಎಸ್ ಅದರಲ್ಲಿ ಪ್ರತ್ಯೇಕ ಜಾಗ ಕೊಡುತ್ತದೆ. ಒಂದು ಆ್ಯಪ್ ಇನ್ನೊಂದರ ಜಾಗಕ್ಕೆ ಇಣುಕಲು ಹೋದರೆ ತಡೆಯುತ್ತದೆ. ಜಾಗ ಸಾಲದೆ ಬಂದಾಗ ಕಂಪ್ಯೂಟರ್‌ಗಳಲ್ಲಿ ಸದ್ಯಕ್ಕೆ ಬೇಡದ ಭಾಗವನ್ನು ಡಿಸ್ಕ್‌ಗೆ ಸಾಗಿಸುತ್ತದೆ. ಡಿಸ್ಕ್ ರ‍್ಯಾಮ್‌ಗಿಂತ ಬಹಳ ನಿಧಾನ. ಹೀಗಾಗಿಯೇ ಹಲವು ಪ್ರೋಗ್ರಾಂಗಳನ್ನು ತೆರೆದಿಟ್ಟಾಗ ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ.

ಮೊಬೈಲ್‌ನಲ್ಲಿ ಓಎಸ್ ಇನ್ನೂ ಕಟ್ಟುನಿಟ್ಟು. ಜಾಗ ಬೇಕಾದಾಗ ಹಿಂದೆ ಉಳಿದ ಆ್ಯಪ್ ಅನ್ನು ಮುಲಾಜಿಲ್ಲದೆ ಮುಚ್ಚುತ್ತದೆ. ಅರ್ಧ ತುಂಬಿದ ಅರ್ಜಿಯನ್ನು ಬಿಟ್ಟು ಒಟಿಪಿ ನೋಡಲು ಹೋಗಿ ಬರುವಷ್ಟರಲ್ಲಿ ಪುಟ ಮೊದಲಿನಿಂದ ಲೋಡ್ ಆಗುವುದಕ್ಕೆ ಹಲವು ಬಾರಿ ಇದೇ ಕಾರಣ.

3. ಫೈಲ್‌ಗಳ ಲೆಕ್ಕ ಇಡುವುದು

ಡಿಸ್ಕ್‌ಗೆ ಫೋಟೋ, ಪತ್ರ, ಹಾಡು ಎಂಬ ಭೇದ ಗೊತ್ತಿಲ್ಲ. ಅಲ್ಲಿರುವುದು ಸೊನ್ನೆ ಮತ್ತು ಒಂದರ ಸಾಲುಗಳು ಮಾತ್ರ. ಯಾವ ಫೈಲ್ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂಬ ಲೆಕ್ಕವನ್ನು ಓಎಸ್‌ನ ಫೈಲ್ ಸಿಸ್ಟಂ ಇಡುತ್ತದೆ. ವಿಂಡೋಸ್‌ನಲ್ಲಿ ಎನ್‌ಟಿಎಫ್‌ಎಸ್, ಲಿನಕ್ಸ್‌ನಲ್ಲಿ ಹೆಚ್ಚಾಗಿ ಇಎಕ್ಸ್‌ಟಿ4, ಆಪಲ್ ಸಾಧನಗಳಲ್ಲಿ ಎಪಿಎಫ್‌ಎಸ್ ಬಳಕೆಯಲ್ಲಿವೆ.

ಪೆನ್‌ಡ್ರೈವ್‌ನಲ್ಲಿ 16 ಜಿಬಿ ಖಾಲಿ ಇದ್ದರೂ 5 ಜಿಬಿಯ ವಿಡಿಯೋ ಕಾಪಿ ಆಗದೇ ಇರುವುದನ್ನು ನೀವು ನೋಡಿರಬಹುದು. ಪೆನ್‌ಡ್ರೈವ್ ಕೆಟ್ಟಿಲ್ಲ. ಅದು ಫ್ಯಾಟ್32 ಎಂಬ ಹಳೆಯ ಫೈಲ್ ಸಿಸ್ಟಂನಲ್ಲಿರುತ್ತದೆ, ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ.

ಇನ್ನೊಂದು ಎಚ್ಚರಿಕೆ: ಹಾರ್ಡ್ ಡಿಸ್ಕ್‌ನಲ್ಲಿ ಫೈಲ್ ಡಿಲೀಟ್ ಮಾಡಿದಾಗ ಸಾಮಾನ್ಯವಾಗಿ ಲೆಕ್ಕದ ಪುಸ್ತಕದಲ್ಲಿನ ನಮೂದು ಮಾತ್ರ ಹೋಗುತ್ತದೆ. ಅದರ ಮೇಲೆ ಬೇರೆ ಮಾಹಿತಿ ಬರೆಯುವವರೆಗೂ ಮೂಲ ಮಾಹಿತಿ ಡಿಸ್ಕ್‌ನಲ್ಲೇ ಉಳಿಯುತ್ತದೆ. ಹಳೆಯ ಕಂಪ್ಯೂಟರ್ ಮಾರುವ ಮುನ್ನ ಡಿಲೀಟ್ ಒತ್ತಿದರಷ್ಟೇ ಸಾಲದು, ಡಿಸ್ಕ್ ಅನ್ನು ಪೂರ್ತಿ ಅಳಿಸಿಯೇ ಕೊಡಬೇಕು.

4. ಉಪಕರಣಗಳೊಂದಿಗೆ ಮಾತುಕತೆ

ಪ್ರಿಂಟರ್, ಕ್ಯಾಮೆರಾ, ಬ್ಲೂಟೂತ್ ಹೆಡ್‌ಫೋನ್, ಒಂದೊಂದಕ್ಕೂ ಒಂದೊಂದು ಭಾಷೆ. ಅದನ್ನು ಓಎಸ್‌ಗೆ ಅರ್ಥವಾಗುವಂತೆ ಮಾಡುವ ದುಭಾಷಿ ಪ್ರೋಗ್ರಾಂಗೆ ಡ್ರೈವರ್ ಎನ್ನುತ್ತಾರೆ. ಹೊಸ ಪ್ರಿಂಟರ್ ತಂದು ಜೋಡಿಸಿದರೂ ಪ್ರಿಂಟ್ ಬಾರದಿದ್ದರೆ ಅಂಗಡಿಯವರು ಮೊದಲು ಕೇಳುವುದು 'ಡ್ರೈವರ್ ಹಾಕಿದ್ರಾ?' ಎಂದೇ.

5. ಭದ್ರತೆ ಮತ್ತು ಅನುಮತಿ

ಯಾರು ಲಾಗಿನ್ ಆಗಬಹುದು, ಯಾವ ಆ್ಯಪ್ ಕ್ಯಾಮೆರಾ ಬಳಸಬಹುದು, ಯಾವುದು ನಿಮ್ಮ ಎಸ್ಎಂಎಸ್ ಓದಬಹುದು ಎಂಬುದನ್ನು ಜಾರಿಗೆ ತರುವುದು ಓಎಸ್. ಆಂಡ್ರಾಯ್ಡ್‌ನಲ್ಲಿ ಪ್ರತಿ ಆ್ಯಪ್ ಅನ್ನೂ ಒಬ್ಬ ಬೇರೆ ಬಳಕೆದಾರನಂತೆ ಪರಿಗಣಿಸಿ ಪ್ರತ್ಯೇಕ ಕೋಣೆಯಲ್ಲಿ ಇಡಲಾಗುತ್ತದೆ. ಹಾಗಾಗಿ ಒಂದು ಗೇಮ್ ನಿಮ್ಮ ಬ್ಯಾಂಕ್ ಆ್ಯಪ್‌ನ ಒಳಗಿನ ಮಾಹಿತಿಯನ್ನು ನೇರವಾಗಿ ಓದಲಾರದು.

ಆದರೆ ಈ ಗೋಡೆಗೆ ಬಾಗಿಲು ಇದೆ, ಅದರ ಕೀಲಿ ನಿಮ್ಮ ಕೈಯಲ್ಲಿದೆ. ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕರೆಯೋಲೆಯ ಹೆಸರಲ್ಲಿ ಬರುವ ಎಪಿಕೆ ಫೈಲ್ ಅನ್ನು ಇನ್‌ಸ್ಟಾಲ್ ಮಾಡಿ, ಅದು ಕೇಳಿದ ಎಸ್ಎಂಎಸ್ ಅನುಮತಿಗೆಲ್ಲ 'ಅಲೋ' ಒತ್ತಿದರೆ ಒಟಿಪಿ ವಂಚಕರ ಕೈ ಸೇರುತ್ತದೆ. ಅಲ್ಲಿ ಓಎಸ್ ತನ್ನ ಕೆಲಸ ಮಾಡಿರುತ್ತದೆ, ಅನುಮತಿ ಕೊಟ್ಟವರು ನಾವೇ ಆಗಿರುತ್ತೇವೆ.

ಕರ್ನಲ್: ಜುಲೈ 19ರಂದು ತಪ್ಪಿದ್ದು ಎಲ್ಲಿ?

ಈಗ ಮೊದಲ ಘಟನೆಗೆ ಮರಳೋಣ. ಕಂಪ್ಯೂಟರ್ ಒಳಗೆ ಎರಡು ವಲಯಗಳಿವೆ. ಒಂದು ಯೂಸರ್ ಮೋಡ್. ಸಾಮಾನ್ಯ ಆ್ಯಪ್‌ಗಳೆಲ್ಲ ಇರುವುದು ಇಲ್ಲಿ. ಇಲ್ಲಿ ಒಂದು ಆ್ಯಪ್ ಕೆಟ್ಟರೆ ಅದೊಂದೇ ಮುಚ್ಚಿಕೊಳ್ಳುತ್ತದೆ, ಉಳಿದವು ನಡೆಯುತ್ತಲೇ ಇರುತ್ತವೆ. ಇನ್ನೊಂದು ಕರ್ನಲ್ ಮೋಡ್. ಇಲ್ಲಿ ಇರುವವರಿಗೆ ಇಡೀ ಯಂತ್ರದ ಮೇಲೆ ಅಧಿಕಾರ. ಇಲ್ಲಿ ತಪ್ಪಾದರೆ ಮಾಹಿತಿ ಹಾಳಾಗುವ ಅಪಾಯ ಇರುವುದರಿಂದ ಓಎಸ್ ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ವಿಂಡೋಸ್‌ನ ನೀಲಿ ಪರದೆ ಎಂದರೆ ಇದೇ.

ವೈರಸ್‌ಗಳನ್ನು ಬೇಗ ಪತ್ತೆ ಹಚ್ಚಬೇಕೆಂಬ ಕಾರಣಕ್ಕೆ ಕ್ರೌಡ್‌ಸ್ಟ್ರೈಕ್‌ನ ಫಾಲ್ಕನ್ ತಂತ್ರಾಂಶದ ಒಂದು ಭಾಗ ಕರ್ನಲ್ ಮೋಡ್‌ನಲ್ಲೇ ಕೆಲಸ ಮಾಡುತ್ತಿತ್ತು. ಭಾರತೀಯ ಕಾಲಮಾನ ಬೆಳಗ್ಗೆ 9.39ಕ್ಕೆ ಹೊರಟ ಅಪ್‌ಡೇಟ್ ಅಲ್ಲಿ ಮುಗ್ಗರಿಸಿತು. 10.57ಕ್ಕೆ ಕಂಪನಿ ಅದನ್ನು ಹಿಂಪಡೆಯಿತು. ಅಂದರೆ ತಪ್ಪು ಚಾಲ್ತಿಯಲ್ಲಿದ್ದುದು 78 ನಿಮಿಷ ಮಾತ್ರ. ಆದರೆ ಅಷ್ಟರಲ್ಲಿ ಕೆಟ್ಟ ಯಂತ್ರಗಳು ಬೂಟ್ ಆಗುವಾಗಲೇ ಮತ್ತೆ ಬೀಳುತ್ತಿದ್ದವು. ಹೀಗಾಗಿ ದೂರದಿಂದ ಸರಿಪಡಿಸುವುದು ಕಷ್ಟವಾಯಿತು. ಸಿಬ್ಬಂದಿ ಹಲವು ಕಡೆ ಒಂದೊಂದೇ ಯಂತ್ರದ ಮುಂದೆ ಕುಳಿತು, ಸೇಫ್ ಮೋಡ್‌ನಲ್ಲಿ ತೆರೆದು, ದೋಷಪೂರಿತ ಫೈಲ್ ಅಳಿಸಬೇಕಾಯಿತು.

ವಿಂಡೋಸ್‌ನಲ್ಲಿ ಭದ್ರತಾ ತಂತ್ರಾಂಶಗಳು ಕರ್ನಲ್‌ನ ಹೊರಗಿದ್ದುಕೊಂಡೇ ಕೆಲಸ ಮಾಡುವಂತೆ ಬದಲಾವಣೆ ತರುವುದಾಗಿ ಮೈಕ್ರೋಸಾಫ್ಟ್ 2024ರ ನವೆಂಬರ್‌ನಲ್ಲಿ ಪ್ರಕಟಿಸಿತು.

ಆಪರೇಟಿಂಗ್ ಸಿಸ್ಟಂ ಬೆಳೆದು ಬಂದ ದಾರಿ

ಮೊದಮೊದಲ ಕಂಪ್ಯೂಟರ್‌ಗಳಿಗೆ ಓಎಸ್ ಇರಲಿಲ್ಲ. ಒಬ್ಬರ ಕೆಲಸ ಮುಗಿದ ಮೇಲೆ ಇನ್ನೊಬ್ಬರು ತಮ್ಮ ಪಂಚ್ ಕಾರ್ಡ್‌ಗಳನ್ನು ತಂದು ಹಾಕಬೇಕಿತ್ತು. ನಡುವೆ ದುಬಾರಿ ಯಂತ್ರ ಸುಮ್ಮನೆ ಕೂತಿರುತ್ತಿತ್ತು. ಇದನ್ನು ತಪ್ಪಿಸಲು 1956ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಮತ್ತು ನಾರ್ತ್ ಅಮೆರಿಕನ್ ಏವಿಯೇಷನ್ ಸಂಸ್ಥೆಗಳು ಐಬಿಎಂ 704 ಯಂತ್ರಕ್ಕಾಗಿ ಒಂದರ ಹಿಂದೊಂದು ಕೆಲಸವನ್ನು ತಾನಾಗಿ ನಡೆಸುವ ತಂತ್ರಾಂಶ ರೂಪಿಸಿದವು. ಮೊದಲ ಆಪರೇಟಿಂಗ್ ಸಿಸ್ಟಂಗಳ ಸಾಲಿನಲ್ಲಿ ಇದರ ಹೆಸರಿದೆ.

1961: ಅಮೆರಿಕದ ಎಂಐಟಿಯಲ್ಲಿ, ಹಲವರು ಒಂದೇ ಕಂಪ್ಯೂಟರ್ ಅನ್ನು ಒಟ್ಟಿಗೆ ಬಳಸಬಲ್ಲ ಸಿಟಿಎಸ್‌ಎಸ್ ವ್ಯವಸ್ಥೆಯ ಪ್ರದರ್ಶನ.

1964: ಐಬಿಎಂನಿಂದ ಓಎಸ್/360 ಘೋಷಣೆ. ಯೋಜನೆ ಬಹಳ ತಡವಾಯಿತು. ಅದರ ಮುಖ್ಯಸ್ಥ ಫ್ರೆಡ್ ಬ್ರೂಕ್ಸ್ 1975ರಲ್ಲಿ ಆ ಅನುಭವವನ್ನು 'ದಿ ಮಿಥಿಕಲ್ ಮ್ಯಾನ್-ಮಂತ್' ಎಂಬ ಪುಸ್ತಕವಾಗಿ ಬರೆದರು. ತಡವಾದ ಸಾಫ್ಟ್‌ವೇರ್ ಯೋಜನೆಗೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂಬ ಅದರ ಪಾಠವನ್ನು ಐಟಿ ಕಂಪನಿಗಳಲ್ಲಿ ಇಂದಿಗೂ ನೆನೆಯುತ್ತಾರೆ.

1969: ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಸಂಗಡಿಗರಿಂದ ಯೂನಿಕ್ಸ್ ಜನನ. 1973ರಲ್ಲಿ ಅದನ್ನು ಸಿ ಭಾಷೆಯಲ್ಲಿ ಮರುಬರೆದಿದ್ದರಿಂದ ಬೇರೆ ಬೇರೆ ಯಂತ್ರಗಳಿಗೆ ಒಯ್ಯುವುದು ಸುಲಭವಾಯಿತು.

1981: ಐಬಿಎಂ ಪಿಸಿಗಾಗಿ ಮೈಕ್ರೋಸಾಫ್ಟ್‌ನಿಂದ ಡಾಸ್. ಮೂಲ ತಂತ್ರಾಂಶವನ್ನು ಸಿಯಾಟಲ್‌ನ ಸಣ್ಣ ಕಂಪನಿಯೊಂದರಿಂದ ಮೈಕ್ರೋಸಾಫ್ಟ್ ಖರೀದಿಸಿತ್ತು.

1984-85: ಮೌಸ್ ಮತ್ತು ಚಿತ್ರಗಳ ಮೂಲಕ ಬಳಸುವ ಆಪಲ್ ಮ್ಯಾಕಿಂಟಾಷ್ 1984ರ ಜನವರಿಯಲ್ಲಿ, ವಿಂಡೋಸ್‌ನ ಮೊದಲ ಆವೃತ್ತಿ 1985ರ ನವೆಂಬರ್‌ನಲ್ಲಿ ಬಂದವು.

1991: ಫಿನ್ಲೆಂಡ್‌ನ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ತಾನು ಹವ್ಯಾಸಕ್ಕಾಗಿ ಒಂದು ಓಎಸ್ ಬರೆಯುತ್ತಿದ್ದೇನೆ ಎಂದು ಆಗಸ್ಟ್ 25ರಂದು ತಿಳಿಸಿದ. ಅದೇ ಲಿನಕ್ಸ್.

1995: ಆಗಸ್ಟ್ 24ರಂದು ವಿಂಡೋಸ್ 95 ಬಿಡುಗಡೆ. ಸ್ಟಾರ್ಟ್ ಬಟನ್ ಜಗತ್ತಿಗೆ ಪರಿಚಯವಾಯಿತು.

2007-08: ಐಫೋನ್ ಮತ್ತು ಮೊದಲ ಆಂಡ್ರಾಯ್ಡ್ ಫೋನ್ ಮಾರುಕಟ್ಟೆಗೆ. ಓಎಸ್ ಮೇಜಿನಿಂದ ಇಳಿದು ಜೇಬಿಗೆ ಬಂತು.

ಇಂದು ಎಲ್ಲೆಲ್ಲಿ ಯಾವ ಓಎಸ್?

ವಿಂಡೋಸ್: ಕಚೇರಿ ಮತ್ತು ಮನೆಗಳ ಕಂಪ್ಯೂಟರ್‌ಗಳಲ್ಲಿ ಅತಿ ಹೆಚ್ಚು ಬಳಕೆ. ಕಂಪನಿಯ ಸಿಇಒ ಹೈದರಾಬಾದ್‌ನಲ್ಲಿ ಹುಟ್ಟಿ, ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲಾ.

ಮ್ಯಾಕ್‌ಓಎಸ್ ಮತ್ತು ಐಓಎಸ್: ಆಪಲ್‌ನ ಸಾಧನಗಳಲ್ಲಿ ಮಾತ್ರ. ಎರಡರ ಬುಡದಲ್ಲೂ ಯೂನಿಕ್ಸ್ ಮನೆತನದ ಬೇರುಗಳಿವೆ.

ಲಿನಕ್ಸ್: ಯಾರು ಬೇಕಾದರೂ ಓದಬಹುದಾದ, ತಿದ್ದಬಹುದಾದ ಮುಕ್ತ ತಂತ್ರಾಂಶ. ಉಬುಂಟು, ಡೆಬಿಯನ್, ಫೆಡೋರಾ ಇವೆಲ್ಲ ಲಿನಕ್ಸ್‌ನ ಬೇರೆ ಬೇರೆ ರೂಪಗಳು. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಇರುವುದೆಲ್ಲ ಲಿನಕ್ಸ್ ಯಂತ್ರಗಳೇ. 2021ರಲ್ಲಿ ಮಂಗಳನ ಮೇಲೆ ಹಾರಿದ ಇಂಜೆನ್ಯುಯಿಟಿ ಹೆಲಿಕಾಪ್ಟರ್‌ನಲ್ಲೂ ಇದ್ದದ್ದು ಲಿನಕ್ಸ್.

ಆಂಡ್ರಾಯ್ಡ್: ಭಾರತದ ಬಹುಪಾಲು ಸ್ಮಾರ್ಟ್‌ಫೋನ್‌ಗಳಲ್ಲಿ ಇರುವ ಓಎಸ್. ಇದರ ಕರ್ನಲ್ ಕೂಡ ಲಿನಕ್ಸ್. ಅಂದರೆ ಲಿನಕ್ಸ್ ಹೆಸರನ್ನೇ ಕೇಳಿರದ ಕೋಟ್ಯಂತರ ಜನ ದಿನವೂ ಅದನ್ನು ಬಳಸುತ್ತಿದ್ದಾರೆ.

ರಿಯಲ್ ಟೈಮ್ ಓಎಸ್: ಕಾರಿನ ಬ್ರೇಕ್, ವೈದ್ಯಕೀಯ ಉಪಕರಣ, ಬಾಹ್ಯಾಕಾಶ ನೌಕೆಗಳಂಥ ಕಡೆ ನಿಗದಿತ ಸಮಯದೊಳಗೆ ಉತ್ತರ ಬರಲೇಬೇಕು. ಅಂಥ ಕೆಲಸಕ್ಕೆ ವಿಎಕ್ಸ್‌ವರ್ಕ್ಸ್, ಕ್ಯೂಎನ್‌ಎಕ್ಸ್ ಮುಂತಾದವು ಇವೆ.

ಭಾರತದ್ದೇ ಆದ ಓಎಸ್ ಇದೆಯೇ?

ಇದೆ. ಕೇಂದ್ರ ಸರ್ಕಾರದ ಸಂಸ್ಥೆ ಸಿ-ಡ್ಯಾಕ್ 2007ರಲ್ಲಿ 'ಬಾಸ್' ಎಂಬ ಓಎಸ್ ಬಿಡುಗಡೆ ಮಾಡಿತು. ಭಾರತ್ ಆಪರೇಟಿಂಗ್ ಸಿಸ್ಟಂ ಸಲ್ಯೂಷನ್ಸ್ ಎಂಬುದು ಇದರ ವಿಸ್ತೃತ ರೂಪ. ಡೆಬಿಯನ್ ಲಿನಕ್ಸ್ ಆಧರಿಸಿದ ಇದರಲ್ಲಿ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಿಗೆ ಬೆಂಬಲವಿದೆ. ಐಐಟಿ ಮದ್ರಾಸ್‌ನ ಆಶ್ರಯದಲ್ಲಿ ಬೆಳೆದ ಸ್ಟಾರ್ಟಪ್ ರೂಪಿಸಿದ ಮೊಬೈಲ್ ಓಎಸ್ 'ಭರ್‌ಓಎಸ್' 2023ರ ಜನವರಿಯಲ್ಲಿ ಅನಾವರಣಗೊಂಡಿತು. ಇದು ಆಂಡ್ರಾಯ್ಡ್‌ನ ಮುಕ್ತ ಆಕರವನ್ನು ಆಧರಿಸಿದೆ. ಅದೇ ವರ್ಷ ರಕ್ಷಣಾ ಸಚಿವಾಲಯ ತನ್ನ ಕಂಪ್ಯೂಟರ್‌ಗಳಿಗೆ ಉಬುಂಟು ಆಧಾರಿತ 'ಮಾಯಾ' ಅಳವಡಿಸಲು ಹೊರಟಿದ್ದು ಸುದ್ದಿಯಾಯಿತು. ನೆರೆಯ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಪಾಠ ಮಾಡುತ್ತಿವೆ.

ಇವ್ಯಾವುವೂ ಸೊನ್ನೆಯಿಂದ ಕಟ್ಟಿದವಲ್ಲ, ಮುಕ್ತವಾಗಿ ಸಿಗುವ ಅಡಿಪಾಯದ ಮೇಲೆ ಎದ್ದು ನಿಂತವು. ಇದರಲ್ಲಿ ಕೊರತೆ ಏನಿಲ್ಲ, ಗೂಗಲ್ ಕೂಡ ಆಂಡ್ರಾಯ್ಡ್‌ಗೆ ಮಾಡಿದ್ದು ಇದನ್ನೇ.

ಓಎಸ್ ಯಾರ ಕೈಯಲ್ಲಿದೆ ಎಂಬುದು ಹಣದ ಪ್ರಶ್ನೆಯೂ ಹೌದು. ಆಂಡ್ರಾಯ್ಡ್ ಮಾರುಕಟ್ಟೆಯಲ್ಲಿನ ಪ್ರಾಬಲ್ಯ ದುರ್ಬಳಕೆ ಮಾಡಿಕೊಂಡಿದೆ ಎಂದು ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1,337.76 ಕೋಟಿ ರೂ. ದಂಡ ವಿಧಿಸಿತು. ಮೇಲ್ಮನವಿ ನ್ಯಾಯಮಂಡಳಿ 2023ರ ಮಾರ್ಚ್‌ನಲ್ಲಿ ದಂಡವನ್ನು ಎತ್ತಿಹಿಡಿಯಿತು.

ಕನ್ನಡಕ್ಕೂ ಓಎಸ್‌ಗೂ ಏನು ನಂಟು?

ಊರಿಂದ ಯಾರೋ ಕಳಿಸಿದ ಹಳೆಯ ಕನ್ನಡ ಕಡತವನ್ನು ಪುಣೆಯಲ್ಲೋ ದೆಹಲಿಯಲ್ಲೋ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಂಡ ಅನುಭವ ಹಲವರಿಗಿದೆ. ಕಾರಣ ಇಷ್ಟೇ. ಓಎಸ್‌ಗಳಿಗೆ ಕನ್ನಡ ಗೊತ್ತಿಲ್ಲದ ಕಾಲದಲ್ಲಿ ನುಡಿ, ಬರಹದಂಥ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟ್‌ಗಳ ಮೂಲಕ ಕನ್ನಡ ತೋರಿಸುತ್ತಿದ್ದವು. ಆ ಫಾಂಟ್ ನಿಮ್ಮ ಯಂತ್ರದಲ್ಲಿ ಇಲ್ಲದಿದ್ದರೆ ಕನ್ನಡವೂ ಇಲ್ಲ.

ಯೂನಿಕೋಡ್ ಬಂದ ಮೇಲೆ ಪ್ರತಿ ಕನ್ನಡ ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಖ್ಯೆ ನಿಗದಿಯಾಯಿತು. ಆದರೆ ಸಂಖ್ಯೆ ಇದ್ದರೆ ಸಾಲದು. 'ಸ್ತ್ರೀ' ಎಂಬ ಒಂದೇ ಅಕ್ಷರ ಕಂಪ್ಯೂಟರ್‌ನಲ್ಲಿ ಸ, ವಿರಾಮ ಚಿಹ್ನೆ, ತ, ವಿರಾಮ ಚಿಹ್ನೆ, ರ, ದೀರ್ಘ ಈಕಾರ ಎಂದು ಆರು ತುಣುಕುಗಳಾಗಿ ಉಳಿಯುತ್ತದೆ. ಅವನ್ನು ಜೋಡಿಸಿ, ಒತ್ತುಗಳನ್ನು ಕೆಳಗಿಳಿಸಿ, ಒಂದೇ ಅಕ್ಷರವಾಗಿ ಪರದೆ ಮೇಲೆ ಬಿಡಿಸುವ ವ್ಯವಸ್ಥೆ ಓಎಸ್‌ನಲ್ಲಿ ಇರಬೇಕು. 2001ರ ವಿಂಡೋಸ್ ಎಕ್ಸ್‌ಪಿ 'ತುಂಗಾ' ಎಂಬ ಕನ್ನಡ ಫಾಂಟ್ ಹೊತ್ತು ಬಂತು. ಇಂದು ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್, ಐಓಎಸ್ ಎಲ್ಲದರಲ್ಲೂ ಕನ್ನಡ ಓದಲು ಪ್ರತ್ಯೇಕವಾಗಿ ಏನನ್ನೂ ಹಾಕಬೇಕಿಲ್ಲ. ನೀವು ಈ ಪುಟವನ್ನು ಯಾವ ಊರಿನಲ್ಲಿ ಕುಳಿತು ಓದುತ್ತಿದ್ದರೂ ಒತ್ತಕ್ಷರ ಸರಿಯಾಗಿ ಕಾಣುತ್ತಿರುವುದರ ಹಿಂದೆ ಈ ಕೆಲಸವಿದೆ.

ಹಳೆಯ ಓಎಸ್ ಏಕೆ ಅಪಾಯ?

'ನನ್ನ ಕಂಪ್ಯೂಟರ್ ಚೆನ್ನಾಗೇ ನಡೀತಿದೆ, ಅಪ್‌ಡೇಟ್ ಯಾಕೆ?' ಎಂಬುದು ಸಾಮಾನ್ಯ ಪ್ರಶ್ನೆ. ಉತ್ತರಕ್ಕೆ 2017 ನೋಡಿ. ವಿಂಡೋಸ್‌ನ ದೋಷವೊಂದಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಪರಿಹಾರ ಕೊಟ್ಟಿತ್ತು. ಮೇ 12ರಂದು ಅದೇ ದೋಷ ಬಳಸಿ ವಾನ್ನಾಕ್ರೈ ಎಂಬ ಕುತಂತ್ರಾಂಶ ಹರಡಿತು. ಫೈಲ್‌ಗಳಿಗೆ ಬೀಗ ಹಾಕಿ, ತೆಗೆಯಲು ಹಣ ಕೇಳಿತು. ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಬಾಧೆಗೊಳಗಾದವು. ಬ್ರಿಟನ್‌ನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ ಭೇಟಿ, ಶಸ್ತ್ರಚಿಕಿತ್ಸೆಗಳು ರದ್ದಾದವು. ಪರಿಹಾರ ಬಂದು ಎರಡು ತಿಂಗಳಾಗಿದ್ದರೂ ಅಪ್‌ಡೇಟ್ ಮಾಡದೆ ಬಿಟ್ಟ ಯಂತ್ರಗಳು ಬೆಲೆ ತೆತ್ತವು.

ಕ್ರೌಡ್‌ಸ್ಟ್ರೈಕ್ ಪ್ರಕರಣ ಅಪ್‌ಡೇಟ್‌ನಿಂದಲೇ ಆದದ್ದಲ್ಲವೇ ಎಂದು ಕೇಳಬಹುದು. ನಿಜ. ಆದರೆ ಅಲ್ಲಿ ನಿಂತ ಯಂತ್ರಗಳನ್ನು ಮತ್ತೆ ಎಬ್ಬಿಸಲಾಯಿತು. ವಾನ್ನಾಕ್ರೈಗೆ ಸಿಕ್ಕವರಲ್ಲಿ ಬ್ಯಾಕಪ್ ಇಲ್ಲದವರು ಫೈಲ್‌ಗಳನ್ನೇ ಕಳೆದುಕೊಂಡರು. ಅಪ್‌ಡೇಟ್‌ನಿಂದ ಅಪರೂಪಕ್ಕೆ ತೊಂದರೆ ಆಗಬಹುದು, ಅಪ್‌ಡೇಟ್ ಇಲ್ಲದಿದ್ದರೆ ಅಪಾಯ ದಿನವೂ ಇರುತ್ತದೆ.

ವಿಂಡೋಸ್ 10 ಬಳಸುತ್ತಿದ್ದೀರಾ? ಹೀಗೆ ಮಾಡಿ

2015ರ ಜುಲೈ 29ರಂದು ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕಂಪ್ಯೂಟರ್ ನಿಲ್ಲುವುದಿಲ್ಲ, ಆದರೆ ಹೊಸದಾಗಿ ಸಿಗುವ ದೋಷಗಳಿಗೆ ಉಚಿತ ಪರಿಹಾರ ತಾನಾಗಿ ಬರುವುದಿಲ್ಲ. ನಿಮ್ಮ ಮುಂದಿರುವ ಆಯ್ಕೆಗಳು:

* ಮೊದಲು ಸೆಟ್ಟಿಂಗ್ಸ್‌ನ 'ಸಿಸ್ಟಂ', ನಂತರ 'ಅಬೌಟ್' ತೆರೆದು ನಿಮ್ಮದು ಯಾವ ಆವೃತ್ತಿ ಎಂದು ಖಚಿತಪಡಿಸಿಕೊಳ್ಳಿ.

* ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್, ಟಿಪಿಎಂ 2.0 ಭದ್ರತಾ ಚಿಪ್ ಮತ್ತು ಮೈಕ್ರೋಸಾಫ್ಟ್ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ನಂತರದ್ದು. ಇದ್ದರೆ ಅಪ್‌ಗ್ರೇಡ್ ಉಚಿತ.

* ಅರ್ಹತೆ ಇಲ್ಲದಿದ್ದರೆ, ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಪಡೆಯುವ ವಿಸ್ತರಿತ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿತ್ತು. ಇದಕ್ಕೆ ಹೆಸರು ನೋಂದಾಯಿಸಬೇಕು.

* ಬ್ರೌಸಿಂಗ್, ಇಮೇಲ್, ಮಕ್ಕಳ ಓದು ಇಷ್ಟೇ ಕೆಲಸವಾದರೆ ಲಿನಕ್ಸ್ ಹಾಕಿ ಹಳೆಯ ಯಂತ್ರಕ್ಕೆ ಮರುಜೀವ ಕೊಡಬಹುದು. ಇನ್‌ಸ್ಟಾಲ್ ಮಾಡುವ ಮುನ್ನ ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ ಪರೀಕ್ಷಿಸುವ ಅವಕಾಶ ಉಬುಂಟು, ಮಿಂಟ್‌ನಂಥವುಗಳಲ್ಲಿದೆ. ಟ್ಯಾಲಿಯಂಥ ವಿಂಡೋಸ್ ತಂತ್ರಾಂಶ ಅವಲಂಬಿಸಿದವರು ಮಾತ್ರ ಮೊದಲೇ ವಿಚಾರಿಸಿಕೊಳ್ಳಿ.

* ಯಾವ ದಾರಿ ಹಿಡಿದರೂ ಮೊದಲು ಫೋಟೋ, ದಾಖಲೆಗಳ ಪ್ರತಿಯನ್ನು ಬೇರೆ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಿ.

ಮೊಬೈಲ್‌ಗೂ ಇದೇ ಮಾತು ಅನ್ವಯ. ಸೆಟ್ಟಿಂಗ್ಸ್‌ನ 'ಅಬೌಟ್ ಫೋನ್'ನಲ್ಲಿ ಆಂಡ್ರಾಯ್ಡ್ ಆವೃತ್ತಿ ಮತ್ತು ಕೊನೆಯ ಸೆಕ್ಯುರಿಟಿ ಅಪ್‌ಡೇಟ್ ದಿನಾಂಕ ಸಿಗುತ್ತದೆ. ಆ ದಿನಾಂಕ ಒಂದೆರಡು ವರ್ಷ ಹಿಂದಿನದಾಗಿದ್ದರೆ ಅದರಲ್ಲಿ ಬ್ಯಾಂಕಿಂಗ್, ಯುಪಿಐ ಬಳಸುವ ಮುನ್ನ ಯೋಚಿಸಿ. ಹೊಸ ಫೋನ್ ಕೊಳ್ಳುವಾಗ ಕ್ಯಾಮೆರಾ, ಬ್ಯಾಟರಿ ಜತೆಗೆ ಎಷ್ಟು ವರ್ಷ ಅಪ್‌ಡೇಟ್ ಸಿಗುತ್ತದೆ ಎಂದೂ ಕೇಳಿ.

ಪದೇ ಪದೇ ಕೇಳುವ ಪ್ರಶ್ನೆಗಳು

ಎಂಎಸ್ ಆಫೀಸ್ ಕೂಡ ಆಪರೇಟಿಂಗ್ ಸಿಸ್ಟಂ ಹೌದೇ?
ಅಲ್ಲ. ಅದು ಓಎಸ್ ಮೇಲೆ ನಡೆಯುವ ಆ್ಯಪ್‌ಗಳ ಗುಂಪು.

ಓಎಸ್ ಇಲ್ಲದೆ ಕಂಪ್ಯೂಟರ್ ನಡೆಯುತ್ತದೆಯೇ?
ಆನ್ ಆಗುತ್ತದೆ, ಆದರೆ ನಾವು ಬಳಸುವ ಆ್ಯಪ್‌ಗಳು ನಡೆಯುವುದಿಲ್ಲ. ಕ್ಯಾಲ್ಕುಲೇಟರ್‌ನಂಥ ಒಂದೇ ಕೆಲಸದ ಸರಳ ಸಾಧನಗಳಿಗೆ ಓಎಸ್ ಬೇಕಿಲ್ಲ.

ಲಿನಕ್ಸ್‌ಗೆ ಹಣ ಕೊಡಬೇಕೇ?
ಮನೆ ಬಳಕೆಯ ಬಹುತೇಕ ಆವೃತ್ತಿಗಳು ಉಚಿತ. ಕಂಪನಿಗಳು ತಾಂತ್ರಿಕ ನೆರವಿಗಾಗಿ ಶುಲ್ಕ ಕೊಡುತ್ತವೆ.

ಒಂದೇ ಕಂಪ್ಯೂಟರ್‌ನಲ್ಲಿ ಎರಡು ಓಎಸ್ ಹಾಕಬಹುದೇ?
ಹಾಕಬಹುದು. ಆನ್ ಮಾಡುವಾಗ ಯಾವುದು ಬೇಕೆಂದು ಆರಿಸಿಕೊಳ್ಳುವ ಈ ವಿಧಾನಕ್ಕೆ ಡ್ಯುಯಲ್ ಬೂಟ್ ಎನ್ನುತ್ತಾರೆ.

ಎಲ್ಲವೂ ಸರಿಯಿದ್ದಾಗ ಓಎಸ್ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆಯಬೇಕಾದ ದಿನ ಮಾತ್ರ ಅದರ ನೆನಪಾಗುತ್ತದೆ. ಆ ದಿನ ನಿಮ್ಮ ಮನೆಯ ಕಂಪ್ಯೂಟರ್‌ಗೆ ಬಾರದಿರಲಿ ಎಂದಾದರೆ, ಇವತ್ತೇ ಎರಡು ನಿಮಿಷ ಬಿಡುವು ಮಾಡಿಕೊಂಡು ಸೆಟ್ಟಿಂಗ್ಸ್ ತೆರೆದು ನಿಮ್ಮ ಓಎಸ್ ಆವೃತ್ತಿ ನೋಡಿಬಿಡಿ. ಊರಲ್ಲಿರುವ ಅಪ್ಪ-ಅಮ್ಮನ ಫೋನ್‌ನಲ್ಲೂ ಒಮ್ಮೆ ನೋಡಲು ಮರೆಯಬೇಡಿ.